ಬೆರಗು, ಆಭಾಸ, ಬೆಡಗು

ಗಲಿಲಾಯ ಸೀಮೆಯ ಒಂದು ಮನೆ. ಹೊಸ್ತಿಲ ಮೇಲೂ ಕಾಲಿಡಲು ಜಾಗವಿಲ್ಲ, ಅಷ್ಟು ಜನ. ಪಾರ್ಶ್ವವಾಯು ಬಡಿದ ಒಬ್ಬನನ್ನು ಹಾಸಿಗೆ ಸಮೇತ ಹೊತ್ತು ತಂದವರು ಬಾಗಿಲಲ್ಲಿ ದಾರಿ ಕಾಣದೆ ಮಾಳಿಗೆ ಹತ್ತಿದರು, ಹೆಂಚು ತೆಗೆದರು, ಹಾಸಿಗೆಯನ್ನು ನೇರವಾಗಿ ಯೇಸುವಿನ ಮುಂದಕ್ಕೇ ಇಳಿಬಿಟ್ಟರು. ತುಸು ಹೊತ್ತಿಗೆ ಆ ಮನುಷ್ಯ ತಾನು ಮಲಗಿದ್ದ ಹಾಸಿಗೆಯನ್ನು ತಾನೇ ಎತ್ತಿಕೊಂಡು ಮನೆಗೆ ಹೊರಟ. ಕಂಡವರು ದಂಗಾದರು. ಕಂಡದ್ದಕ್ಕೆ ಅವರಿಟ್ಟ ಹೆಸರನ್ನು ಲೂಕನು ತನ್ನ ಸುವಾರ್ತೆಯ 5ನೆಯ ಅಧ್ಯಾಯದಲ್ಲಿ ಗ್ರೀಕಿನಲ್ಲಿ ದಾಖಲಿಸುತ್ತಾನೆ: ‘ಪಾರಾಡೋಕ್ಸಾ’. ಇಡೀ ಹೊಸ ಒಡಂಬಡಿಕೆಯಲ್ಲಿ ಈ ಪದ ಬರುವುದು ಅದೊಂದೇ ಕಡೆ.

ಆ ಮನೆಯಲ್ಲಿ ಯಾರೂ ತರ್ಕದ ಲೆಕ್ಕ ಬಿಡಿಸುತ್ತಿರಲಿಲ್ಲ. ಇವತ್ತು ‘ಪ್ಯಾರಡಾಕ್ಸ್’ ಎಂದ ಕೂಡಲೇ ಕಾಲೇಜು ಓದಿದವರಿಗೆ ನೆನಪಾಗುವುದು ಆಮೆಯನ್ನು ಹಿಂದೆ ಹಾಕಲಾರದ ಅಕಿಲೀಸ್, ತಾನು ಹೇಳುವುದೆಲ್ಲ ಸುಳ್ಳು ಎನ್ನುವ ಸುಳ್ಳುಗಾರ, ತನ್ನ ಗಡ್ಡವನ್ನು ತಾನು ಹೆರೆದುಕೊಳ್ಳಬೇಕೋ ಬೇಡವೋ ತಿಳಿಯದೆ ಕೂತ ಕ್ಷೌರಿಕ. ಹಳೆಯ ಗ್ರೀಕರ ಬಾಯಲ್ಲಿ ಈ ಪದಕ್ಕೆ ಇಷ್ಟು ಗಂಟುಮುಖ ಇರಲಿಲ್ಲ. ಬಾಯಿ ಬಿಟ್ಟುಕೊಂಡು ನಿಂತವರು ಆಡುವ ಮಾತು ಅದು.

ಬಿಡಿಸಿ ನೋಡಿದರೆ ಎರಡು ತುಂಡು. ‘ಪಾರಾ’ ಎಂದರೆ ಪಕ್ಕಕ್ಕೆ, ಆಚೆಗೆ, ಎದುರಾಗಿ. ‘ಡೋಕ್ಸಾ’ ಎಂದರೆ ಎಣಿಕೆ, ಅಭಿಪ್ರಾಯ. ಆ ಡೋಕ್ಸಾ ಬಂದದ್ದು ‘ಡೊಕೇನ್’ ಎಂಬ ಕ್ರಿಯಾಪದದಿಂದ. ಅದರ ಅರ್ಥ ತೋರುವುದು, ಅನ್ನಿಸುವುದು. ಹತ್ತು ಜನಕ್ಕೆ ಹೇಗೆ ಅನ್ನಿಸುತ್ತದೋ ಅದು ಡೋಕ್ಸಾ. ಅದಕ್ಕೆ ಅಡ್ಡ ಬಂದದ್ದು ಪ್ಯಾರಡಾಕ್ಸ್. ಚರ್ಚಿನವರು ಬಳಸುವ ‘ಆರ್ಥೊಡಾಕ್ಸ್’ ಇದರ ಅಣ್ಣನೋ ತಮ್ಮನೋ ಆಗಬೇಕು: ‘ಆರ್ಥೋಸ್’ ಎಂದರೆ ನೆಟ್ಟಗಿನದು, ಸರಿಯಾದದ್ದು. ಗಮನಿಸಬೇಕಾದದ್ದು ಏನೆಂದರೆ, ಪ್ಯಾರಡಾಕ್ಸ್ ಎಂಬ ಹೆಸರು ಹೇಳಿದ ಮಾತು ಸುಳ್ಳೆಂದೂ ಹೇಳುವುದಿಲ್ಲ, ನಿಜವೆಂದೂ ಹೇಳುವುದಿಲ್ಲ. ಕೇಳಿದವರ ಹುಬ್ಬು ಮೇಲೇರಿತು ಎಂದಷ್ಟೇ ಹೇಳುತ್ತದೆ. ಪ್ಲೇಟೋ ಮಟ್ಟಿಗಂತೂ ಡೋಕ್ಸಾ ಎಂಬುದು ನಿಜವಾದ ಅರಿವಿಗಿಂತ ಒಂದು ಮೆಟ್ಟಿಲು ಕೆಳಗಿನದು. ಅದಕ್ಕೆ ಎದುರಾಗಿ ನಿಲ್ಲುವುದು ಆತನಿಗೆ ಅವಮಾನದ ಸಂಗತಿಯೇ ಅಲ್ಲ.

ಹಾಗಾಗಿ ಗ್ರೀಕರು ಈ ಪದವನ್ನು ಬಿರುದಾಗಿಯೂ ಕೊಟ್ಟರು. ರೋಮನ್ನರ ಆಳ್ವಿಕೆಯ ಕಾಲದ ಗ್ರೀಕ್ ಶಾಸನಗಳಲ್ಲಿ ಕಣದಲ್ಲಿ ಎಣಿಕೆ ಮೀರಿ ಗೆದ್ದ ಆಟಗಾರರನ್ನೂ ಸಂಗೀತಗಾರರನ್ನೂ ‘ಪಾರಾಡೋಕ್ಸೋಸ್’ ಎಂದು ಕರೆದಿರುವುದು ಕಾಣುತ್ತದೆ. ಅದಕ್ಕೂ ಮೊದಲೇ, ವಿಚಿತ್ರ ಬುಗ್ಗೆ, ವಿಚಿತ್ರ ಪ್ರಾಣಿ, ವಿಚಿತ್ರ ಕಲ್ಲುಗಳ ಸುದ್ದಿಯನ್ನೆಲ್ಲ ಒಟ್ಟುಹಾಕಿದ ಪುಸ್ತಕಗಳು ಗ್ರೀಕಿನಲ್ಲಿ ಬಂದಿದ್ದವು. ಅಂಥವನ್ನು ವಿದ್ವಾಂಸರು ಇಂದು ಪ್ಯಾರಡಾಕ್ಸೋಗ್ರಫಿ ಎಂಬ ಘನವಾದ ಹೆಸರಿನಿಂದ ಕರೆಯುತ್ತಾರೆ. ಎರಡು ತಲೆಯ ಕರುವಿನ ಸುದ್ದಿ ಹಾಕುವ ಪತ್ರಿಕೆಯ ಮೂಲೆಗೆ ಇಷ್ಟು ಪುರಾತನ ವಂಶವಿದೆ.

ಕ್ರಿಸ್ತಪೂರ್ವ 46ರಲ್ಲಿ ಸಿಸೆರೋ ಬ್ರೂಟಸನಿಗೆ ಒಂದು ಪುಟ್ಟ ಪುಸ್ತಕ ಬರೆದು ಕಳಿಸಿದ. ಹೆಸರು ‘ಪಾರಾಡೋಕ್ಸಾ ಸ್ಟೋಯಿಕೋರುಮ್’, ಎಂದರೆ ಸ್ಟೋಯಿಕ್ ಪಂಥದ ತತ್ತ್ವಜ್ಞರ ಪ್ಯಾರಡಾಕ್ಸುಗಳು. ಅದರಲ್ಲಿರುವುದು ಆರು ಮಾತು. ಸದ್ಗುಣವೊಂದೇ ಒಳ್ಳೆಯದು, ಸುಖಕ್ಕೆ ಸದ್ಗುಣವೊಂದೇ ಸಾಕು, ತಪ್ಪುಗಳೆಲ್ಲ ಸಮ, ಮೂಢರೆಲ್ಲ ಹುಚ್ಚರು, ಜ್ಞಾನಿಯೊಬ್ಬನೇ ಸ್ವತಂತ್ರ, ಜ್ಞಾನಿಯೊಬ್ಬನೇ ಶ್ರೀಮಂತ. ರೋಮಿನ ಚಾವಡಿಯಲ್ಲಿ ಇವನ್ನು ಕೇಳಿದವರಿಗೆ ನಗು ಬರುತ್ತಿತ್ತು. ಕಣಜ, ಗುಲಾಮರು, ತೋಟದ ಮನೆಗಳಿಂದ ಸಿರಿತನವನ್ನು ಅಳೆಯುವ ಊರು ಅದು. ಕನ್ನಡದ ಓದುಗರಿಗೆ ಇವುಗಳಲ್ಲಿ ಕಡೆಯ ಎರಡನ್ನಾದರೂ ಕೇಳಿ ಅಚ್ಚರಿಯಾಗುವುದು ಕಷ್ಟ. ಕೀರ್ತನೆ, ಹರಿಕಥೆ, ಮಠದ ಪ್ರವಚನಗಳಲ್ಲಿ ಎಷ್ಟೋ ಸಲ ಕಿವಿಗೆ ಬಿದ್ದ ಮಾತು. ರೋಮಿನಲ್ಲಿ ಪ್ಯಾರಡಾಕ್ಸ್ ಆಗಿದ್ದದ್ದು ಇಲ್ಲಿ ಹಾಡಿನ ಪಲ್ಲವಿ. (ಹಾಡಿದವರು ಹಾಗೆ ಬದುಕುತ್ತಾರೆಯೇ ಎಂಬುದು ಬೇರೆ ಮಾತು.)

17ನೆಯ ಶತಮಾನದಲ್ಲೂ ಇಂಗ್ಲೆಂಡಿನಲ್ಲಿ ಈ ಹಳೆಯ ಅರ್ಥ ಉಸಿರಾಡುತ್ತಿತ್ತು. ಸ್ವಾತಂತ್ರ್ಯ, ವಿಧಿಗಳ ಬಗ್ಗೆ ಬಿಷಪ್ ಬ್ರಾಮ್‌ಹಾಲ್ ಜೊತೆ ನಡೆದ ಜಗಳದಲ್ಲಿ, ನಿನ್ನದೆಲ್ಲ ಪ್ಯಾರಡಾಕ್ಸ್ ಎಂಬ ಬೈಗುಳ ಥಾಮಸ್ ಹಾಬ್ಸ್‌ಗೆ ಬಿತ್ತು. 1656ರಲ್ಲಿ ಆತ ಕೊಟ್ಟ ಉತ್ತರದ ತಿರುಳು ಇಷ್ಟು: ಪ್ಯಾರಡಾಕ್ಸ್ ಎಂದರೆ ಎಲ್ಲರೂ ಇನ್ನೂ ಒಪ್ಪಿಕೊಳ್ಳದ ಅಭಿಪ್ರಾಯ, ಅಷ್ಟೆ, ಕ್ರೈಸ್ತ ಧರ್ಮವೂ ಒಂದು ಕಾಲಕ್ಕೆ ಪ್ಯಾರಡಾಕ್ಸೇ ಆಗಿತ್ತು. ಬಿಷಪ್ಪರಿಗೆ ಇದು ನುಂಗಲೂ ಉಗುಳಲೂ ಆಗದ ತುತ್ತು. ಹತ್ತು ವರ್ಷ ಕಳೆದು 1666ರಲ್ಲಿ ರಾಬರ್ಟ್ ಬಾಯ್ಲ್ ದ್ರವಗಳ ಒತ್ತಡದ ಬಗ್ಗೆ ಬರೆದ ಪುಸ್ತಕದ ಹೆಸರಿನಲ್ಲೂ ‘ಪ್ಯಾರಡಾಕ್ಸ್’ ಇದೆ. ತಳದ ಮೇಲೆ ನೀರು ಹಾಕುವ ಒತ್ತಡ ನೀರಿನ ಎತ್ತರಕ್ಕೆ ಸಂಬಂಧಿಸಿದ್ದು, ಎಷ್ಟು ಕೊಡ ನೀರಿದೆ ಎಂಬುದಕ್ಕಲ್ಲ. ಒಂದೇ ಎತ್ತರಕ್ಕೆ ನೀರು ತುಂಬಿದ ಬೆರಳು ಗಾತ್ರದ ಕೊಳವೆಯಲ್ಲೂ ಕಲ್ಯಾಣಿಯಲ್ಲೂ ತಳದ ಒತ್ತಡ ಒಂದೇ. ನಂಬಲು ಕಷ್ಟ, ಆದರೆ ಅಳೆದು ನೋಡಬಹುದು. ಬಾಯ್ಲ್‌ಗೆ ಪ್ಯಾರಡಾಕ್ಸ್ ಎಂದರೆ ಇಂಥದು.

ಈಗ ಕನ್ನಡಕ್ಕೆ ಬರೋಣ. ಪ್ಯಾರಡಾಕ್ಸ್ ಎಂಬುದಕ್ಕೆ ಕನ್ನಡದಲ್ಲಿ ಸಾಮಾನ್ಯವಾಗಿ ಬಳಸುವ ಪದ ‘ವಿರೋಧಾಭಾಸ’. ಇದು ತರ್ಕದ ಮನೆಯಿಂದ ಬಂದದ್ದಲ್ಲ, ಕಾವ್ಯದ ಮನೆಯಿಂದ ಬಂದದ್ದು. ದಂಡಿಯ ‘ಕಾವ್ಯಾದರ್ಶ’ದಲ್ಲಿ ವಿರೋಧ ಎಂಬುದು ಒಂದು ಅಲಂಕಾರ, ಆ ಗ್ರಂಥದ ಜಾಡಿನಲ್ಲೇ ಬಹುಮಟ್ಟಿಗೆ ನಡೆದದ್ದು ನಮ್ಮ ‘ಕವಿರಾಜಮಾರ್ಗ’. 11ನೆಯ ಶತಮಾನದ ಮಮ್ಮಟನ ಪ್ರಕಾರ, ನಿಜಕ್ಕೂ ವಿರೋಧವಿಲ್ಲದಿದ್ದರೂ ವಿರೋಧವಿರುವಂತೆ ಹೇಳುವುದೇ ಈ ಅಲಂಕಾರ. ಬಹಳ ಸಲ ಶ್ಲೇಷೆ ಇದಕ್ಕೆ ಬೀಗದ ಕೈ. ‘ದೊರೆ ಕರವೆತ್ತಿ ಕೊಟ್ಟನು, ಆದರೆ ಕರವೆತ್ತಲಿಲ್ಲ’ ಎಂದರೆ ಕ್ಷಣಕಾಲ ತಬ್ಬಿಬ್ಬು. ಮೊದಲನೆಯ ಕರ ಕೈ, ಎರಡನೆಯದು ತೆರಿಗೆ ಎಂದು ಹೊಳೆದ ಕೂಡಲೇ ಗಂಟು ಸಡಿಲ. ಕವಿಗೆ ತಲೆದೂಗಿ ಮುಂದಿನ ಪದ್ಯಕ್ಕೆ ಹೋಗಬಹುದು.

‘ಆಭಾಸ’ದ ಒಳಗಿರುವ ಧಾತು ‘ಭಾಸ್’: ಹೊಳೆ, ತೋರು. ಭಾಸ್ಕರನಲ್ಲಿರುವ ಭಾಸವೂ ಅದೇ. ಅಲ್ಲಿ ಡೊಕೇನ್, ಇಲ್ಲಿ ಭಾಸ್. ಎರಡು ಭಾಷೆಗಳೂ ಈ ಪದವನ್ನು ‘ತೋರುವುದರ’ ಮೇಲೇ ಕಟ್ಟಿವೆ. ಇನ್ನೊಂದು ಸೋಜಿಗ ಕೇಳಿ. ಹೀಬ್ರೂ ಧರ್ಮಗ್ರಂಥವನ್ನು ಗ್ರೀಕಿಗೆ ತಂದವರು ದೇವರ ಮಹಿಮೆ ಎಂಬುದಕ್ಕೆ ಆರಿಸಿಕೊಂಡದ್ದು ಡೋಕ್ಸಾ ಎಂಬ ಪದವನ್ನೇ. ಹೀಗೆ ಅನ್ನಿಸಿಕೆ ಎಂಬುದು ಪ್ರಭೆಯಾಯಿತು. ಚರ್ಚಿನ ಸ್ತುತಿಗೀತೆಗೆ ‘ಡಾಕ್ಸಾಲಜಿ’ ಎಂಬ ಹೆಸರು ಬಂದದ್ದು ಅಲ್ಲಿಂದ. ಗ್ರೀಕ್ ಪದ ತೋರುವುದರಿಂದ ಹೊಳೆಯುವುದಕ್ಕೆ ನಡೆಯಿತು, ಸಂಸ್ಕೃತದ ಧಾತುವಿನಲ್ಲಿ ಎರಡೂ ಮೊದಲಿಂದಲೇ ಒಟ್ಟಿಗೆ ವಾಸವಾಗಿದ್ದವು.

ಹೋಲಿಕೆ ಇಲ್ಲಿಗೆ ಮುಗಿಯುತ್ತದೆ. ಗ್ರೀಕಿನಲ್ಲಿ ತೋರುವಿಕೆ ಜನರದು. ಪ್ಯಾರಡಾಕ್ಸ್ ಅದಕ್ಕೆ ಎದುರು ನಿಲ್ಲುತ್ತದೆ. ಸಂಸ್ಕೃತದಲ್ಲಿ ತೋರುವಿಕೆ ವಿರೋಧದ್ದೇ. ‘ಹೇತ್ವಾಭಾಸ’ ಎಂದರೆ ಹೇತುವಿನಂತೆ ಕಂಡರೂ ಹೇತು ಅಲ್ಲದ್ದು. ಹಾಗೆಯೇ ವಿರೋಧಾಭಾಸ ಎಂದರೆ ವಿರೋಧದಂತೆ ಕಂಡರೂ ವಿರೋಧ ಅಲ್ಲದ್ದು. ಅಂದರೆ ಹೆಸರಿನ ಒಳಗೇ ತೀರ್ಪು ಕೂತಿದೆ. ‘ಇದೊಂದು ವಿರೋಧಾಭಾಸ’ ಎಂದವರು ಗಂಟು ಬಿಚ್ಚುತ್ತದೆ ಎಂದು ಮುಂಗಡ ಮಾತು ಕೊಟ್ಟಂತೆ. ಪತ್ರಿಕೆಗಳು ಇದರ ಬದಲು ಧಾರಾಳವಾಗಿ ಬಳಸುವ ‘ವಿಪರ್ಯಾಸ’ ಬೇರೆಯೇ ಸಂಗತಿ. ನೀರಾವರಿ ಸಚಿವರ ಊರಿಗೇ ಕುಡಿಯುವ ನೀರಿಲ್ಲದಿದ್ದರೆ ಅದು ವಿಪರ್ಯಾಸ, ಅದರಲ್ಲಿ ತರ್ಕದ ತೊಡಕೇನೂ ಇಲ್ಲ. ಇನ್ನು ಬರಿಯ ‘ಆಭಾಸ’ ಆಡುಮಾತಿಗೆ ಇಳಿದು ಮುಜುಗರವಾಗಿದೆ: ಮದುವೆಮನೆಯಲ್ಲಿ ಹೆಸರು ತಪ್ಪಿ ಕರೆದರೆ ಆಭಾಸ.

ಗಂಟು ಬಿಚ್ಚಲೇಬೇಕು ಎಂಬ ಈ ಹಟ ಕಾವ್ಯದಲ್ಲಿ ನಿರಪಾಯ. ದೇವರ ವಿಷಯಕ್ಕೆ ಬಂದಾಗ ಏನಾಗುತ್ತದೆ ಎಂಬುದಕ್ಕೆ ಈಶಾವಾಸ್ಯ ಉಪನಿಷತ್ತಿನ 5ನೆಯ ಮಂತ್ರ ಒಳ್ಳೆಯ ಪರೀಕ್ಷೆ. ಅದು ಚಲಿಸುತ್ತದೆ ಮತ್ತು ಚಲಿಸುವುದಿಲ್ಲ, ದೂರವಿದೆ ಮತ್ತು ಹತ್ತಿರವಿದೆ ಎಂಬ ಅರ್ಥದ ಮಂತ್ರ. ಶಂಕರರು ಭಾಷ್ಯದಲ್ಲಿ ಇದನ್ನು ಎರಡು ನೆಲೆಗೆ ಹಂಚುತ್ತಾರೆ. ತನ್ನಷ್ಟಕ್ಕೆ ಅದು ಅಚಲ. ಉಪಾಧಿಗಳ ಜೊತೆ ಸೇರಿ ಚಲಿಸಿದ ‘ಹಾಗೆ’ ಕಾಣುತ್ತದೆ. ಅಜ್ಞಾನಿಗೆ ಕೋಟಿ ವರ್ಷಕ್ಕೂ ಸಿಗದ್ದರಿಂದ ದೂರ, ಜ್ಞಾನಿಗೆ ತನ್ನ ಆತ್ಮವೇ ಆದ್ದರಿಂದ ಹತ್ತಿರ. ಆ ಒಂದು ‘ಹಾಗೆ’ ಇಡೀ ಭಾರವನ್ನು ಹೊತ್ತಿದೆ.

ಉಡುಪಿಯ ಮಧ್ವಾಚಾರ್ಯರಿಗೆ ಈ ‘ಹಾಗೆ’ ಒಗ್ಗದು. ಜಗತ್ತು ನಿಜ, ಚಲನೆಯೂ ನಿಜ ಎನ್ನುವವರು ತೋರಿಕೆಯ ಆಸರೆ ಪಡೆಯುವಂತಿಲ್ಲ. ಅವರು ಕೈಯಿಟ್ಟದ್ದು ಕ್ರಿಯಾಪದಕ್ಕೇ. ‘ಏಜ್’ ಧಾತುವಿಗೆ ಅಲುಗು ಎಂಬ ಅರ್ಥದ ಜೊತೆಗೆ ನಡುಗು ಎಂಬ ಅರ್ಥವೂ ಇದೆ. ಅದರಿಂದ ಉಳಿದದ್ದೆಲ್ಲ ಹೆದರಿ ನಡುಗುತ್ತದೆ, ಅದು ಮಾತ್ರ ಯಾವುದಕ್ಕೂ ನಡುಗುವುದಿಲ್ಲ ಎಂದು ಅವರ ಭಾಷ್ಯ. ಕರ್ತೃವೇ ಬೇರೆಯಾದ ಮೇಲೆ ವಿರೋಧ ಎಲ್ಲಿಂದ ಬರಬೇಕು? ಎರಡು ಮತಗಳು ಎಂಟು ಶತಮಾನ ಕಾದಾಡಿವೆ. ಆದರೆ ಈ ಮಂತ್ರದ ಮುಂದೆ ಇಬ್ಬರು ಆಚಾರ್ಯರ ಗುರಿಯೂ ಒಂದೇ. ವಿರೋಧವನ್ನು ವಿರೋಧವಾಗಿ ಬಿಡಬಾರದು.

ಯಾಕೆ ಬಿಡಬಾರದು? ಶ್ರುತಿ ಪ್ರಮಾಣವಾಗಬೇಕಾದರೆ ಅದು ತನ್ನನ್ನು ತಾನೇ ಹೊಡೆದುಕೊಳ್ಳುವಂತಿಲ್ಲ. ಶಾಸ್ತ್ರದಲ್ಲಿ ಅಂಥ ದೋಷಕ್ಕೆ ‘ವದತೋವ್ಯಾಘಾತ’ ಎಂಬ ಹೆಸರಿದೆ, ಆಡುತ್ತಲೇ ಆಡಿದ್ದಕ್ಕೆ ಪೆಟ್ಟು. ‘ನನ್ನ ತಾಯಿ ಬಂಜೆ’ ಎಂಬುದು ಅದರ ಪ್ರಸಿದ್ಧ ಉದಾಹರಣೆ. ಶೃಂಗೇರಿಯ ವಿದ್ಯಾರಣ್ಯರ ಹೆಸರಿನಲ್ಲಿರುವ ‘ಪಂಚದಶಿ’ಯಲ್ಲಿ ಇದರ ಒಂದು ಚಂದದ ರೂಪ ಬರುತ್ತದೆ. ನನಗೆ ನಾಲಿಗೆ ಇದೆಯೋ ಇಲ್ಲವೋ ಎಂದು ಬಾಯಿಬಿಟ್ಟು ಕೇಳುವವನು ನಗೆಪಾಟಲಾಗುತ್ತಾನೆ. ಅರಿವು ಎಂಬುದೇ ನನಗೆ ಅರಿವಾಗಿಲ್ಲ ಎನ್ನುವವನದೂ ಅದೇ ಗತಿ. ಮೊಲದ ಕೊಂಬು ಮತ್ತು ಬಂಜೆಯ ಮಗ ಎಂಬ ಜೋಡಿಯೂ ಈ ಪಂಡಿತರದೇ. ಮೊಲಕ್ಕೆ ಕೊಂಬಿಲ್ಲ, ಆದರೆ ಇರಬಹುದಿತ್ತು. ಬಂಜೆಯ ಮಗನಾದರೋ ಇರಲು ಸಾಧ್ಯವೇ ಇಲ್ಲ, ಹುಟ್ಟಿದ ದಿನ ಅವಳು ಬಂಜೆಯಲ್ಲ.

ಹಾಗಾಗಿ ಎದುರಾಳಿಯ ಮೇಲೆ ಎಸೆಯಲು ‘ವಿರೋಧ’ಕ್ಕಿಂತ ಹರಿತವಾದ ಆಯುಧ ಇರಲಿಲ್ಲ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ ಜೈನರ ಸಪ್ತಭಂಗಿಯನ್ನು, ಎಂದರೆ ಒಂದೇ ವಸ್ತುವನ್ನು ಇದೆ, ಇಲ್ಲ ಎಂದು ಏಳು ಬಗೆಯಲ್ಲಿ ಹೇಳಬಹುದೆಂಬ ವಾದವನ್ನು, ಖಂಡಿಸುವಾಗ ಶಂಕರರು ಕೊಡುವ ಕಾರಣ ಅದೇ: ಇದೆ ಎಂಬುದೂ ಇಲ್ಲ ಎಂಬುದೂ ಒಂದೇ ವಸ್ತುವಿನಲ್ಲಿ ಇರಲಾರವು, ಬಿಸಿ ತಂಪುಗಳಂತೆ. ಜೈನರ ಉತ್ತರ ಸಿದ್ಧವಾಗಿತ್ತು. ಅವರು ಹೇಳುವ ‘ಸ್ಯಾತ್’ ಎಂದರೆ ‘ಇರಬಹುದೇನೋ’ ಎಂಬ ಅನುಮಾನವಲ್ಲ, ‘ಒಂದು ನೆಲೆಯಿಂದ’ ಎಂಬ ಖಚಿತ ಗುರುತು. ಮಡಕೆ ಒಡೆದಾಗ ಮಡಕೆಯಾಗಿ ಅದು ಹೋಯಿತು, ಮಣ್ಣಾಗಿ ಉಳಿಯಿತು, ಇದರಲ್ಲಿ ಜಗಳವೇನು? ಈಶಾವಾಸ್ಯಕ್ಕೆ ಶಂಕರರು ಬರೆದದ್ದನ್ನು ನೆನಪಿಟ್ಟುಕೊಂಡು ಓದಿದವರಿಗೆ ಇಲ್ಲಿ ಸಣ್ಣ ನಗು ಬರಬಹುದು, ನೆಲೆ ಬೇರೆ ಮಾಡುವ ಉಪಾಯ ಎರಡು ಕಡೆಯೂ ಇದೆ. ಆದರೆ ಶಂಕರರಿಗೆ ಆ ಎರಡು ನೆಲೆಗಳು ಸಮಾನವಲ್ಲ. ಒಂದು ನಿಜ, ಇನ್ನೊಂದು ತೋರಿಕೆ. ಜೈನರಿಗೆ ಎರಡೂ ನಿಜ. ಮುಂದೆ ರಾಮಾನುಜರು ಅದೇ ಬಾಣವನ್ನು ಅದ್ವೈತದ ಕಡೆ ತಿರುಗಿಸಿದರು. ಸತ್ತೂ ಅಲ್ಲದ, ಅಸತ್ತೂ ಅಲ್ಲದ ಮಾಯೆ ಎಂಬುದು ಎಂಥ ವಸ್ತು ಎಂದು ‘ಶ್ರೀಭಾಷ್ಯ’ದಲ್ಲಿ ಕೇಳಿ ಏಳು ಆಕ್ಷೇಪಗಳನ್ನು ಎತ್ತಿದರು.

ಪಶ್ಚಿಮದಲ್ಲಿ, ವಿರೋಧ ಕೂಡದು ಎಂಬ ಈ ನಿಯಮಕ್ಕೆ ಬೆನ್ನು ತಿರುಗಿಸಿದವನೆಂದು ಹೆಸರಾದವನು ಕಾರ್ಥೇಜಿನ ಟೆರ್ಟುಲಿಯನ್. ಅಸಂಬದ್ಧವಾದ್ದರಿಂದಲೇ ನಂಬುತ್ತೇನೆ ಎಂದು ಆತ ಹೇಳಿದ ಎಂಬ ಮಾತು ಪುಸ್ತಕದಿಂದ ಪುಸ್ತಕಕ್ಕೆ ದಾಟುತ್ತಲೇ ಇದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ಪಟ್ಟಿಗೆ ಅವನನ್ನು ಸೇರಿಸಲಾಗಿದೆ. ಆತ ಬರೆದದ್ದು ಹಾಗಲ್ಲ. ದೇವರು ಮಾಂಸದ ಮೈ ತಾಳಿ ಸಾಯುವುದು ದೇವರಿಗೆ ನಾಚಿಕೆಗೇಡು ಎಂದು ಭಿನ್ನಮತೀಯ ಮಾರ್ಸಿಯನ್‌ನ ಕಡೆಯವರು ವಾದಿಸಿದಾಗ, ಟೆರ್ಟುಲಿಯನ್ ತಿರುಗಿಬಿದ್ದ. ಇಂಥ ಸಂಗತಿ ಒಪ್ಪದ್ದಾದ್ದರಿಂದಲೇ ನಂಬಲು ತಕ್ಕದ್ದು ಎಂಬ ಧಾಟಿಯಲ್ಲಿ ಬರೆದ. ಯಾರೂ ಕಟ್ಟಿ ಹೇಳಲಾರದಷ್ಟು ವಿಚಿತ್ರವಾದ ಸುದ್ದಿಗೆ ಬುಡ ಇರಲೇಬೇಕು ಎಂಬ ವಾದದ ಬಗೆ ಅರಿಸ್ಟಾಟಲನ ಭಾಷಣಕಲೆಯ ಪುಸ್ತಕದಲ್ಲೇ ಇದೆ. ಪೊಲೀಸ್ ಠಾಣೆಯಲ್ಲೂ ಇದು ಚಲಾವಣೆಯಲ್ಲಿರುವ ತರ್ಕ.

ನಿಜವಾಗಿ ಗಂಟನ್ನು ಗಂಟಾಗಿಯೇ ಬಿಡಬೇಕು ಎಂದವನು ಕೋಪನ್‌ಹೇಗನ್‌ನ ಕೀರ್ಕೆಗಾರ್ಡ್. 1844ರಲ್ಲಿ ಯೊಹಾನೆಸ್ ಕ್ಲಿಮಾಕುಸ್ ಎಂಬ ಸುಳ್ಳು ಹೆಸರಿನಲ್ಲಿ ಆತ ತಂದ ಪುಸ್ತಕದಲ್ಲಿ, ಶಾಶ್ವತವಾದದ್ದು ಒಂದು ದಿನ ಒಂದು ಊರಿನಲ್ಲಿ ಮನುಷ್ಯನಾಗಿ ಬಂದಿತು ಎಂಬುದೇ ಪರಮ ಪ್ಯಾರಡಾಕ್ಸ್. ಅದನ್ನು ವಿವರಿಸಿ ಮುಗಿಸಿದವನು ನಂಬಿದಂತಾಗುವುದಿಲ್ಲ, ತಪ್ಪಿಸಿಕೊಂಡಂತಾಗುತ್ತದೆ ಎಂಬುದು ಅವನ ಪಟ್ಟು. ಹುಬ್ಬೇರಿಸಿದವರನ್ನು ಹುಬ್ಬೇರಿಸಿಯೇ ಕೂರಿಸಲು ಬಯಸಿದ ಈತ ಲೂಕನ ಆ ಜನಸಂದಣಿಗೆ ಹತ್ತಿರದವನು.

ದೇವರ ಮಾತು ಬಿಟ್ಟರೂ ಕೆಲವು ಗಂಟು ಉಳಿಯುತ್ತವೆ. ತೀತನಿಗೆ ಬರೆದ ಪತ್ರದಲ್ಲಿ ಪೌಲನು, ಕ್ರೇತದವರು ಯಾವಾಗಲೂ ಸುಳ್ಳು ಹೇಳುತ್ತಾರೆಂದು ಅವರದೇ ಊರಿನ ಪ್ರವಾದಿಯೊಬ್ಬ ಹೇಳಿದ್ದಾನೆ ಎನ್ನುತ್ತಾನೆ. ಅಷ್ಟಕ್ಕೇ ನಿಲ್ಲದೆ, ಆ ಸಾಕ್ಷಿ ನಿಜ ಎಂದು ಮೊಹರು ಬೇರೆ ಒತ್ತುತ್ತಾನೆ! ಸುಳ್ಳುಗಾರನ ಸಾಕ್ಷಿ ನಿಜವಾದರೆ ಏನಾಯಿತು ಎಂಬ ಗೊಡವೆಗೆ ಅವನು ಹೋಗುವುದಿಲ್ಲ. ಅವನಿಗಿಂತ ನಾಲ್ಕು ಶತಮಾನ ಹಿಂದೆಯೇ ಮಿಲೇಟಸ್‌ನ ಯುಬುಲೈಡೀಸ್ ಇದನ್ನು ಬಿಗಿದು ಕಟ್ಟಿದ್ದ: ‘ನಾನು ಸುಳ್ಳು ಹೇಳುತ್ತಿದ್ದೇನೆ’ ಎಂಬ ಮಾತು ನಿಜವಾದರೆ ಸುಳ್ಳು, ಸುಳ್ಳಾದರೆ ನಿಜ. ಕೋಸ್ ದ್ವೀಪದ ಕವಿ ಫಿಲೀಟಸ್ ಇದನ್ನೇ ಯೋಚಿಸಿ ನಿದ್ದೆಗೆಟ್ಟು ಸೊರಗಿ ಸತ್ತನೆಂದು ಹಳಬರು ಕಥೆ ಹೇಳುತ್ತಿದ್ದರು.

ಭಾರತದಲ್ಲಿ 5ನೆಯ ಶತಮಾನದ ವೈಯಾಕರಣ ಭರ್ತೃಹರಿ ನಿದ್ದೆಗೆಡಲಿಲ್ಲ. ‘ವಾಕ್ಯಪದೀಯ’ದ ಮೂರನೆಯ ಕಾಂಡದಲ್ಲಿ, ನಾನು ಹೇಳುವುದೆಲ್ಲ ಸುಳ್ಳು ಎಂಬ ವಾಕ್ಯವನ್ನು ಎತ್ತಿಕೊಂಡು ಆತ ಶಾಂತವಾಗಿ ಹೇಳುತ್ತಾನೆ: ಹಾಗೆ ಹೇಳುವವನು ಆ ‘ಎಲ್ಲ’ದೊಳಗೆ ಈ ವಾಕ್ಯವನ್ನು ಸೇರಿಸಿಕೊಂಡಿರುವುದಿಲ್ಲ, ಸೇರಿಸಿದರೆ ಹೇಳಬೇಕೆಂದದ್ದೇ ತಲುಪುವುದಿಲ್ಲ. ಭಾಷೆ ಆಡುವವನ ಉದ್ದೇಶದಿಂದ ನಡೆಯುತ್ತದೆ ಎಂದು ತಿಳಿದ ಮನುಷ್ಯನ ಉತ್ತರ ಅದು. ಅದೇ ಜಾತಿಯ ಗಂಟು ಗಣಿತದಲ್ಲಿ ಸಿಕ್ಕಾಗ ಉದ್ದೇಶದ ಮಾತು ನೆರವಿಗೆ ಬರಲಿಲ್ಲ. 1902ರ ಜೂನ್ 16ರಂದು ಬರ್ಟ್ರಂಡ್ ರಸೆಲ್, ಜರ್ಮನಿಯ ಫ್ರೇಗೆಗೆ ಕಾಗದ ಬರೆದ. ತಮ್ಮನ್ನು ತಾವು ಒಳಗೊಳ್ಳದ ಗಣಗಳದ್ದೇ ಒಂದು ಗಣ ಮಾಡಿದರೆ, ಅದು ತನ್ನೊಳಗೆ ತಾನಿದೆಯೋ ಇಲ್ಲವೋ? ಇದೆ ಎಂದರೆ ಇಲ್ಲ, ಇಲ್ಲ ಎಂದರೆ ಇದೆ. ಫ್ರೇಗೆಯ ಜೀವಮಾನದ ದುಡಿಮೆಯ ಎರಡನೆಯ ಸಂಪುಟ ಆಗ ಅಚ್ಚಿನಲ್ಲಿತ್ತು. 1903ರಲ್ಲಿ ಅದು ಹೊರಬಂದಾಗ, ಕಟ್ಟಡ ಮುಗಿಯುವ ಹೊತ್ತಿಗೆ ಅಡಿಪಾಯ ಅಲುಗಿದೆ ಎಂದು ಒಪ್ಪಿಕೊಳ್ಳುವ ಅನುಬಂಧವೊಂದು ಕೊನೆಗೆ ಸೇರಿತ್ತು. ಇದನ್ನು ವಿರೋಧಾಭಾಸ ಎನ್ನಲು ಬರುತ್ತದೆಯೇ? ಇಲ್ಲಿ ಆಭಾಸ ಯಾವುದೂ ಇಲ್ಲ, ವಿರೋಧ ಅಸಲಿ. ಅಮೆರಿಕದ ತತ್ತ್ವಜ್ಞ ಕ್ವೈನ್ 1962ರಲ್ಲಿ ಪ್ಯಾರಡಾಕ್ಸುಗಳನ್ನು ಮೂರು ಗುಂಪು ಮಾಡಿದಾಗ, ನಾವು ಯೋಚಿಸುವ ರೀತಿಯನ್ನೇ ತಿದ್ದಿಕೊಳ್ಳಬೇಕಾಗುವಂಥವಕ್ಕೆ ಒಂದು ಪ್ರತ್ಯೇಕ ಗುಂಪು ಇಟ್ಟ. ಕನ್ನಡದಲ್ಲಿ ಅದನ್ನು ‘ವೈರುಧ್ಯ’ ಎಂದಷ್ಟೇ ಕರೆದರೆ ಹೆಚ್ಚು ಪ್ರಾಮಾಣಿಕ.

ಹಾಗಾದರೆ ಬೆರಗನ್ನು ಹೇಳುವ ಪದ ಕನ್ನಡಕ್ಕಿರಲಿಲ್ಲವೇ? ಇತ್ತು. ಅದು ‘ಬೆಡಗು’, ಹಳಗನ್ನಡದ ‘ಬೆಡಂಗು’. ಸೊಬಗು, ಚೆಲುವು, ಬೆರಗು ಎಲ್ಲವೂ ಅದರಲ್ಲಿ ಸೇರಿವೆ. 997ರಿಂದ 1008ರವರೆಗೆ ಆಳಿದ ಚಾಲುಕ್ಯ ದೊರೆ ಸತ್ಯಾಶ್ರಯನ ಬಿರುದು ‘ಇರಿವಬೆಡಂಗ’, ಇರಿಯುವುದರಲ್ಲಿ ಬೆರಗು ಹುಟ್ಟಿಸುವವನು. ರನ್ನ ‘ಗದಾಯುದ್ಧ’ದಲ್ಲಿ ಭೀಮನ ನೆಪದಲ್ಲಿ ಕೊಂಡಾಡಿದ್ದು ಇವನನ್ನೇ. ಗ್ರೀಕ್ ಕಣದ ಪಾರಾಡೋಕ್ಸೋಸ್‌ಗೂ ಚಾಲುಕ್ಯರ ಬೆಡಂಗನಿಗೂ ಪರಿಚಯವಿರಲಿಲ್ಲ. ಬಿರುದು ಕೊಟ್ಟವರ ಮನಸ್ಸು ಮಾತ್ರ ಒಂದೇ.

ಆಮೇಲೆ ಆ ಪದ ವಚನಕ್ಕೆ ಬಂದಿತು. ಅಲ್ಲಮನ ಬೆಡಗಿನ ವಚನಗಳಲ್ಲಿ ಹುಲಿ ಜಿಂಕೆಗಳ ತಲೆ ಅದಲುಬದಲಾಗಿ ನಡು ಒಂದಾದ ಪ್ರಾಣಿ ಎದುರಾಗುತ್ತದೆ. ಶ್ಲೇಷೆಯ ಬೀಗದ ಕೈ ಇದಕ್ಕೆ ಹೊಂದುವುದಿಲ್ಲ. ಹರಿದಾಸರಲ್ಲಿ ಇದೇ ಕುಲದ್ದು ಮುಂಡಿಗೆ. ಕನಕದಾಸರು ಅದರಲ್ಲಿ ಕೈ ಪಳಗಿದವರು. ವಿಜಯನಗರದ ಕಾಲಕ್ಕೆ ವಚನಗಳನ್ನು ಒಟ್ಟುಗೂಡಿಸಿದವರ ಜೊತೆಗೇ ಟೀಕಾಕಾರರೂ ಬಂದರು. ಕೋತಿ ಎಂದರೆ ಮನಸ್ಸು, ಊರು ಎಂದರೆ ದೇಹ ಎಂಬ ಬಗೆಯ ಪಟ್ಟಿಗಳು ತಯಾರಾದವು. ಅವಿಲ್ಲದೆ ಎಷ್ಟೋ ಬೆಡಗು ನಮಗೆ ಪೂರಾ ಕಗ್ಗಂಟಾಗಿ ಉಳಿಯುತ್ತಿದ್ದವು, ಆ ಉಪಕಾರ ಸಣ್ಣದಲ್ಲ. ಆದರೆ ಭಾಷ್ಯಕಾರರ ಹಟ ಇಲ್ಲಿಗೂ ಬಂದು ಕೂತಿತು. ಪಟ್ಟಿ ಕೈಗೆ ಬಂದ ಮೇಲೆ ಆ ಪ್ರಾಣಿಯನ್ನು ನೋಡುವವರು ಕಡಿಮೆಯಾದರು. 1973ರಲ್ಲಿ ವಚನಗಳನ್ನು ಇಂಗ್ಲಿಷಿಗೆ ತಂದ ಎ. ಕೆ. ರಾಮಾನುಜನ್, ಒಗಟಿನಂಥ ಈ ಮಾತುಗಳ ಕೆಲಸವೇ ದಿನಬಳಕೆಯ ಭಾಷೆಯನ್ನು ಒಡೆದು ಬುದ್ಧಿಯನ್ನು ದಿಕ್ಕುಗೆಡಿಸುವುದು ಎಂದು ನೆನಪಿಸಬೇಕಾಯಿತು.

ಸತ್ಯಾಶ್ರಯನ ಬಿರುದಾಗಿ, ಅಲ್ಲಮನ ವಚನಕ್ಕೆ ಹೆಸರಾಗಿ ಬಾಳಿದ ಪದ ಇವತ್ತು ಕನ್ನಡ ಪತ್ರಿಕೆಗಳಲ್ಲಿ ಸಿಗುವುದು ಹೆಚ್ಚಾಗಿ ಸಿನಿಮಾ ಪುಟದಲ್ಲಿ. ಮಡಿಕೇರಿಯ ಕಡೆಯಿಂದ ಹೊಸ ನಟಿಯೊಬ್ಬಳು ಬಂದರೆ ಸಾಕು, ಪ್ರಾಸಕ್ಕೆ ಕಾದು ಕೂತ ಉಪಸಂಪಾದಕ ತಲೆಬರಹ ಕೊಟ್ಟುಬಿಡುತ್ತಾನೆ: ‘ಕೊಡಗಿನ ಬೆಡಗಿ’.